ಕಿಟಕಿ ಪಕ್ಕದ ಹದಿನಾರನೆಯ ಕಾರ್ಡು

ನಮ್ಮ ಕರಾವಳಿಯವರಿಗೆ ಕಳ್ಳರ ಭಯಕ್ಕಿಂತ ಕಾಗದ ಒದ್ದೆಯಾಗುವ ಭಯ ಹೆಚ್ಚು. ಜೂನ್ ತಿಂಗಳಲ್ಲಿ ಕಪಾಟಿನೊಳಗಿಟ್ಟ ಜಾತಕವನ್ನು ಅಕ್ಟೋಬರಿನಲ್ಲಿ ತೆಗೆದು ನೋಡಿದರೆ ನವಗ್ರಹಗಳ ಮೇಲೂ ಹಸಿರು ಬೂಷ್ಟು ಬೆಳೆದಿರುತ್ತದೆ. ಶನಿ ಎಲ್ಲಿ, ಗುರು ಎಲ್ಲಿ ಎಂದು ಜೋಯಿಸರಿಗೂ ತಿಳಿಯುವುದಿಲ್ಲ. ಹಾಗಾಗಿ ಲ್ಯಾಮಿನೇಶನ್ ಎಂಬ ವಿದ್ಯೆ ಉಡುಪಿಗೆ ಬಂದಾಗ ನಾನು ಅದನ್ನು ಮನೆದೇವರಂತೆ ಬರಮಾಡಿಕೊಂಡೆ. ನನ್ನ ಪದವಿ ಪತ್ರ, ಮದುವೆಯ ಆಮಂತ್ರಣ, ಕಾಪುವಿನಿಂದ ಶಿರ್ವಕ್ಕೆ ಹೋಗುವ ಬಸ್ಸುಗಳ ವೇಳಾಪಟ್ಟಿ, ಎಲ್ಲದಕ್ಕೂ ಪ್ಲಾಸ್ಟಿಕ್ಕಿನ ಕವಚ ತೊಡಿಸಿದೆ. ಒಮ್ಮೆ ವೈದ್ಯರು ಐದು ದಿನಕ್ಕೆಂದು ಬರೆದುಕೊಟ್ಟ ಕೆಮ್ಮಿನ ಔಷಧದ ಚೀಟಿಯನ್ನೂ ಲ್ಯಾಮಿನೇಟ್ ಮಾಡಿಸಿ ತಂದೆ. ಕೆಮ್ಮು ಹೋಗಿ ಆರು ವರ್ಷವಾಯಿತು, ಚೀಟಿ ಈಗಲೂ ಹೊಚ್ಚ ಹೊಸದರಂತಿದೆ. ಇನ್ನು ಬಾಕಿ ಉಳಿದದ್ದು ತಾನೊಬ್ಬಳೇ ಎಂದು ನನ್ನ ಹೆಂಡತಿ ಆಗಾಗ ಹೇಳುವುದುಂಟು.

ಈ ನಿರುಪದ್ರವಿ ಚಟದಿಂದ ಒಬ್ಬಳು ಹುಡುಗಿಯ ದಾರಿಯೇ ಬೇರೆ ಕಡೆಗೆ ತಿರುಗಿತು ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ಬಹಳ ದಿನ ನಂಬಲಿಲ್ಲ. ನಂಬಿದ ಮೇಲೆ ಯಾರ ಹತ್ತಿರವಾದರೂ ಹೇಳಬೇಕು ಅನ್ನಿಸಿತು. ಶಾಲೆಯಲ್ಲಿ ಹೇಳಿದರೆ ವರದಿ ಬರೆದುಕೊಡಿ ಎನ್ನುತ್ತಾರೆ. ಹಾಗಾಗಿ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ನಾನು ಶಿರ್ವದ ಆಚೆಗಿನ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರ. ಹತ್ತನೆಯ ತರಗತಿಯಲ್ಲಿ ಕಳೆದ ವರ್ಷ ಇದ್ದದ್ದು ಹದಿನೆಂಟೇ ಮಕ್ಕಳು. ವರ್ಷದ ಆರಂಭದಲ್ಲಿ ನಮಗೆಲ್ಲ ಒಂದು ಹೊಸ ವಿಧಾನ ಹೇಳಿಕೊಟ್ಟರು. ಪ್ರತಿ ಮಗುವಿಗೂ ಒಂದು ಚೌಕಾಕಾರದ ಕಾರ್ಡು, ಅದರ ಮೇಲೆ ಒಂದು ಸಂಖ್ಯೆ, ಒಬ್ಬೊಬ್ಬರಿಗೂ ಬೇರೆಯಾದ ಕಪ್ಪು-ಬಿಳುಪಿನ ಏನೋ ಚಿತ್ತಾರ. ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ. ನಾನು ಪ್ರಶ್ನೆ ಕೇಳಿ ನಾಲ್ಕು ಉತ್ತರ ಹೇಳಬೇಕು. ಮಕ್ಕಳು ತಮಗೆ ಸರಿ ಕಂಡ ಅಕ್ಷರವನ್ನು ಮೇಲೆ ಮಾಡಿ ಕಾರ್ಡು ಎತ್ತಿ ಹಿಡಿಯಬೇಕು. ನಾನು ಎದುರು ನಿಂತು ಫೋನಿನ ಕ್ಯಾಮೆರಾವನ್ನು ಆರತಿಯಂತೆ ಎಡದಿಂದ ಬಲಕ್ಕೆ ತಿರುಗಿಸಿದರೆ ಸಾಕು, ಯಾರಿಗೆ ಎಷ್ಟು ತಿಳಿದಿದೆ ಎಂದು ಫೋನು ಹೇಳಿಬಿಡುತ್ತದೆ. ತಿಳಿದವರ ಹೆಸರು ಹಸಿರು, ಅರ್ಧಂಬರ್ಧ ತಿಳಿದವರದು ಹಳದಿ, ಏನೂ ತಿಳಿಯದವರದು ಕೆಂಪು.

ನನಗೆ ಬಹಳ ಖುಷಿಯಾಯಿತು. ಹೂಡೆಯ ಶಾಲೆಯಲ್ಲಿ ಮಾಸ್ತರರಾಗಿದ್ದ ನನ್ನ ದೊಡ್ಡಪ್ಪನಿಗೆ ಈ ಸೌಕರ್ಯ ಇರಲಿಲ್ಲ. ಅವರು ಪ್ರಶ್ನೆ ಕೇಳಿ ಮಕ್ಕಳ ಮುಖ ನೋಡುತ್ತಿರಲಿಲ್ಲ, ಬೆಂಚಿನ ಕೆಳಗೆ ಬಗ್ಗಿ ಕಾಲು ನೋಡುತ್ತಿದ್ದರು. ಆಗ ಮಕ್ಕಳೆಲ್ಲ ಬರಿಗಾಲಿನವರು. ಮುಖವನ್ನು ಯಾರು ಬೇಕಾದರೂ ಜಾಣನ ಹಾಗೆ ಇಟ್ಟುಕೊಳ್ಳಬಹುದು, ಆದರೆ ಒಳಗೊಂದು ಹೊರಗೊಂದು ಇರುವವನ ಕಾಲಿನ ಹೆಬ್ಬೆರಳು ಸುಮ್ಮನಿರುವುದಿಲ್ಲ ಎಂಬುದು ಅವರ ಸಿದ್ಧಾಂತ. ಮನೆಯಲ್ಲಿ ಬೆಲ್ಲ ಕದ್ದವರನ್ನೂ ಹೀಗೆಯೇ ಹಿಡಿಯುತ್ತಿದ್ದರು. ನಾನು ಎಷ್ಟೋ ಸಲ ಸಿಕ್ಕಿಬಿದ್ದಿದ್ದೇನೆ. ಆ ಕಾಲದ ಹೆಬ್ಬೆರಳೆಲ್ಲಿ, ಈ ಕಾಲದ ಫೋನೆಲ್ಲಿ ಎಂದು ನಾನು ನಮ್ಮ ವಿಜ್ಞಾನದ ಲೀನಾ ಟೀಚರ ಮುಂದೆ ದೊಡ್ಡಪ್ಪನ ಬಗ್ಗೆ ಸ್ವಲ್ಪ ಹಗುರವಾಗಿಯೇ ಮಾತಾಡಿದೆ.

ಕಾರ್ಡುಗಳು ಬಂದದ್ದು ಜೂನ್ ತಿಂಗಳಲ್ಲಿ, ಹೊರಗೆ ಮಳೆ ಧೋ ಎಂದು ಸುರಿಯುತ್ತಿರುವಾಗ. ಅವನ್ನು ನೋಡಿದ ಕೂಡಲೇ ನನ್ನ ಕೈ ಏನು ಮಾಡಲು ತವಕಿಸಿತೆಂದು ಹೇಳಬೇಕಾಗಿಲ್ಲ. ಅದೇ ಶನಿವಾರ ಉಡುಪಿಗೆ ಹೋಗಿ ಹದಿನೆಂಟಕ್ಕೂ ಒಳ್ಳೆಯ ದಪ್ಪದ, ಹೊಳೆಯುವ ಲ್ಯಾಮಿನೇಶನ್ ಮಾಡಿಸಿ ತಂದೆ. "ಇದಕ್ಕೆಂತಕ್ಕೆ ಮಾರಾಯ್ರೆ ಇಷ್ಟು ಪಾಲಿಶು? ನಾನು ರಟ್ಟಿಗೆ ಅಂಟಿಸಿದೆ" ಎಂದರು ಲೀನಾ ಟೀಚರು. ರಟ್ಟು ಬೂಷ್ಟು ಹಿಡಿಯುತ್ತದೆ ಎಂದು ನಾನು ಅವರಿಗೆ ತಿಳಿಹೇಳಿದೆ.

ಹದಿನಾರನೆಯ ಕಾರ್ಡು ಶ್ರಾವ್ಯಾ ಎಂಬ ಹುಡುಗಿಯದು. ಅವಳು ಶಂಕರಪುರದವಳು. ತಂದೆ ಇಲ್ಲ, ತಾಯಿ ಜಲಜಕ್ಕನಿಗೆ ಅಂಗಳದ ತುಂಬ ಮಲ್ಲಿಗೆ ಗಿಡ. ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು, ಒಂದಿಷ್ಟು ಕಟ್ಟಿಕೊಟ್ಟು ಬಸ್ಸು ಹಿಡಿಯುವಾಗ ಹುಡುಗಿಗೆ ದಿನವೂ ಹತ್ತು ನಿಮಿಷ ತಡ. ತಡವಾಗಿ ಬಂದವರಿಗೆ ಸಿಗುವುದು ಕಿಟಕಿ ಪಕ್ಕದ ಜಾಗ, ಏಕೆಂದರೆ ಮಳೆಗಾಲದಲ್ಲಿ ಅಲ್ಲಿ ಎರಚಲು, ಮಳೆ ಬಿಟ್ಟ ಮೇಲೆ ಎಳೆಬಿಸಿಲು. ಅವಳು ಅಲ್ಲಿ ಕುಳಿತು ಹದಿನಾರನೆಯ ಕಾರ್ಡನ್ನು ಎತ್ತಿ ಹಿಡಿಯುತ್ತಿದ್ದಳು. ಕಿಟಕಿಯ ಬೆಳಕು ನನ್ನ ದುಬಾರಿ ಲ್ಯಾಮಿನೇಶನ್ನಿನ ಮೇಲೆ ಬಿದ್ದು ಕಾರ್ಡು ಕನ್ನಡಿಯಂತೆ ಹೊಳೆಯುತ್ತಿತ್ತು. ಕನ್ನಡಿಯಲ್ಲಿ ಫೋನಿಗೆ ಏನು ಕಂಡೀತು? ಉಳಿದ ಹದಿನೇಳು ಹೆಸರುಗಳ ಮುಂದೆ ಗುರುತು ಬೀಳುತ್ತಿತ್ತು, ಒಂದರ ಮುಂದೆ ಸಣ್ಣ ಗೆರೆ.

ಇಲ್ಲಿ ನಾನು ಫೋನಿನ ಮೇಲೆ ತಪ್ಪು ಹೊರಿಸಿ ಪಾರಾಗಬಹುದಿತ್ತು. ಆದರೆ ಆ ಗೆರೆಯನ್ನು ನಾನು ನೋಡುತ್ತಿದ್ದೆ. ಹದಿನೆಂಟರಲ್ಲಿ ಹದಿನೇಳು ಬಂತಲ್ಲ, ಸಾಕು, ಗಂಟೆ ಹೊಡೆಯುವುದರೊಳಗೆ ಮುಂದಿನ ಪ್ರಶ್ನೆಗೆ ಹೋಗೋಣ ಎಂದುಕೊಳ್ಳುತ್ತಿದ್ದೆ. ಫೋನು ಮಾತ್ರ ಗೆರೆಗಳನ್ನೆಲ್ಲ ಮರೆಯದೆ ಕೂಡಿಸಿ ತಿಂಗಳ ಕೊನೆಗೆ ಶ್ರಾವ್ಯಾಳ ಹೆಸರಿಗೆ ಕೆಂಪು ಬಳಿಯುತ್ತಿತ್ತು. ಕೆಂಪು ಕಂಡು ಕಂಡು ನನಗೂ ಅವಳ ಮುಖದಲ್ಲಿ ದಡ್ಡತನ ಕಾಣಲು ಶುರುವಾಯಿತು. ಅವಳು ಆಕಳಿಸಿದರೆ, ಓ, ಇದಕ್ಕೇ ಕೆಂಪು ಎಂದುಕೊಂಡೆ. ಬಾಯಿ ಬಿಟ್ಟು ಅವಳನ್ನು ಒಂದು ಪ್ರಶ್ನೆ ಕೇಳುವ ಅಗತ್ಯವೇ ಬರಲಿಲ್ಲ.

ನವೆಂಬರಿನಲ್ಲಿ ಹೆತ್ತವರ ಸಭೆ. ಜಲಜಕ್ಕ ಹೂವಿನ ಕೆಲಸ ಮುಗಿಸಿ ಮಧ್ಯಾಹ್ನ ಬಂದರು. ಕಾರ್ಕಳದಲ್ಲಿ ತಂಗಿಯ ಮನೆ ಇದೆ, ಹುಡುಗಿಯನ್ನು ಅಲ್ಲಿ ಇಟ್ಟು ಪಿಯುಸಿಗೆ ಸೈನ್ಸ್ ಓದಿಸಬೇಕೆಂದಿದ್ದೇನೆ, ಅವಳಿಗೆ ಔಷಧದ ಕೋರ್ಸು ಮಾಡುವ ಆಸೆ, ತಂಗಿಯೂ ಒಂದು ಕೋಣೆ ಖಾಲಿ ಮಾಡಿಕೊಡುತ್ತೇನೆ ಎಂದಿದ್ದಾಳೆ ಎಂದರು. ಆಮೇಲೆ "ಆಗ್ಬಹುದಾ ಮಾಸ್ಟ್ರೇ?" ಎಂದು ಕೇಳಿದರು.

ನಾನು ಫೋನು ತೆರೆದು ಅವರ ಮುಂದೆ ಹಿಡಿದೆ. ಜೂನಿನಿಂದ ನವೆಂಬರಿನವರೆಗೆ ಸಾಲಾಗಿ ಕೆಂಪು. ಜಲಜಕ್ಕ ಅದನ್ನು ಬಹಳ ಹೊತ್ತು ನೋಡಿದರು. ಸೈನ್ಸ್ ಇವಳಿಗೆ ಕಷ್ಟ, ಸುಮ್ಮನೆ ಹೊರೆ ಹೊರಿಸಬೇಡಿ, ಇದು ನಾನು ಹೇಳುವುದಲ್ಲ, ಯಂತ್ರ ಹೇಳುವುದು, ಅದಕ್ಕೆ ಪಕ್ಷಪಾತ ಇಲ್ಲ ಎಂದೆಲ್ಲ ಹೇಳಿದೆ. ಹುಡುಗಿ ತಾಯಿಯ ಹಿಂದೆ ನಿಂತಿದ್ದಳು. ಜಲಜಕ್ಕ ಚೀಲದಿಂದ ಒಂದು ತುಂಡು ಮಲ್ಲಿಗೆ ತೆಗೆದು, ಮನೆಯವರಿಗೆ ಕೊಡಿ ಎಂದು ನನ್ನ ಕೈಯಲ್ಲಿಟ್ಟು ಹೋದರು. ಆ ದಿನ ನನ್ನ ಹೆಂಡತಿಗೆ ನನ್ನ ಮೇಲೆ ಬಹಳ ಪ್ರೀತಿ ಬಂದಿತ್ತು.

ಜನವರಿಯಲ್ಲಿ ಮಣಿಪಾಲದ ಒಂದು ಸಭಾಂಗಣದಲ್ಲಿ ನಮಗೆ ಮರುತರಬೇತಿ. ಗೋಡೆಗೆ ಬದಲು ಉದ್ದಕ್ಕೂ ಗಾಜು. ನಾನು ಸಮುದ್ರ ಕಾಣಲಿ ಎಂದು ಗಾಜಿನ ಪಕ್ಕ ಕುಳಿತೆ. ತರಬೇತಿ ಕೊಡುವ ಹುಡುಗಿ ನಮ್ಮ ತಿಳಿವಳಿಕೆಯನ್ನೇ ಪರೀಕ್ಷಿಸಲು ಕಾರ್ಡು ಹಂಚಿದಳು; ಅವೂ ಲ್ಯಾಮಿನೇಟ್ ಆಗಿದ್ದವು. ನಮ್ಮವರಲ್ಲಿ ನಾನೊಬ್ಬನೇ ಅಲ್ಲ ಎಂದು ಸಮಾಧಾನಪಟ್ಟೆ. ಎಂಟು ಪ್ರಶ್ನೆ. ಎಂಟಕ್ಕೂ ನನಗೆ ಉತ್ತರ ಗೊತ್ತಿತ್ತು. ದೊಡ್ಡ ಪರದೆಯ ಮೇಲೆ ಎಲ್ಲರ ಹೆಸರಿಗೂ ಗುರುತು ಬಿತ್ತು, ನನ್ನದಕ್ಕೆ ಗೆರೆ. ಕಾರ್ಡನ್ನು ಎತ್ತರಕ್ಕೆ ಹಿಡಿದೆ. ಇನ್ನೂ ಎತ್ತರಕ್ಕೆ ಹಿಡಿದೆ. ಅರ್ಧ ಎದ್ದು ನಿಂತೆ. ಐದನೆಯ ಪ್ರಶ್ನೆಗೆ ಬರುವಾಗ ಕೈ ಸೋತಿತು. ಆರನೆಯದಕ್ಕೆ ಕಾರ್ಡನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತೆ. ಕೊನೆಗೆ ಪರದೆಯ ಮೇಲೆ ನನ್ನ ಹೆಸರು ಕೆಂಪಾಗಿ ಬಂದಾಗ ಯಾರೋ ಹಿಂದಿನಿಂದ ಮೆಲ್ಲನೆ ನಕ್ಕರು. ತರಬೇತಿಯ ಹುಡುಗಿ ಬಂದು, "ಬೆಳಕು ಹೊಡಿತದೆ ಸರ್, ನೀವು ಈಚೆ ಕೂರಬೇಕಿತ್ತು" ಎಂದಳು.

ನನಗೆ ಆ ಗಾಜಿನ ಆಚೆ ಸಮುದ್ರ ಕಾಣಲಿಲ್ಲ. ನಮ್ಮ ತರಗತಿಯ ಕಿಟಕಿ ಕಂಡಿತು.

ಮರುದಿನ ಶ್ರಾವ್ಯಾಳನ್ನು ಕರೆದು ವಿಷಯ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. ತನ್ನ ಕಾರ್ಡು ಫೋನಿಗೆ ಕಾಣುವುದಿಲ್ಲ ಎಂದು ಅವಳಿಗೆ ಮಳೆಗಾಲದಲ್ಲೇ ಸಂಶಯ ಬಂದಿತ್ತಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಕಾರ್ಡು ಕೊಟ್ಟ ದಿನ ನೀವೇ ಹೇಳಿದ್ದಲ್ವಾ ಸರ್, ಯಂತ್ರಕ್ಕೆ ತಪ್ಪಾಗುವುದಿಲ್ಲ ಅಂತ. ಆಮೇಲೆ ನಾನು ಸುಮ್ಮನೆ ಎಂತದೋ ಒಂದು ಹಿಡಿತಿದ್ದೆ" ಎಂದಳು.

ಆ ಭಾನುವಾರವೇ ಶಂಕರಪುರಕ್ಕೆ ಹೊರಟೆ. ಹೊರಡುವ ಮೊದಲು ಹದಿನಾರನೆಯ ಕಾರ್ಡಿನ ಹೊಳಪನ್ನು ಹೆಂಡತಿಯ ಪಾತ್ರೆ ತಿಕ್ಕುವ ಸ್ಟೀಲಿನ ನಾರಿನಿಂದ ಉಜ್ಜಿ ಉಜ್ಜಿ ತೆಗೆದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ಮೊದಲು ಕೇಳಿದ್ದರೆ ಇಷ್ಟು ಉಜ್ಜುವ ಕೆಲಸ ಇರಲಿಲ್ಲ ಎಂದಳು. ಯಾರನ್ನು ಎಂದು ನಾನು ವಿಚಾರಿಸಲಿಲ್ಲ.

ನಾನು ತಲುಪಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಮಲ್ಲಿಗೆಯ ಮನೆಗೆ ಹೋಗಬಾರದ ಹೊತ್ತು ಯಾವುದಾದರೂ ಇದ್ದರೆ ಅದೇ. ಹತ್ತೂವರೆಯೊಳಗೆ ಹೂವು ಕಟ್ಟಿ ಮುಗಿಯಬೇಕು. ಜಲಜಕ್ಕ ಮತ್ತು ಶ್ರಾವ್ಯಾ ಜಗಲಿಯಲ್ಲಿ ನೆನೆಸಿದ ಬಾಳೆನಾರಿನ ಬಟ್ಟಲು ನಡುವೆ ಇಟ್ಟುಕೊಂಡು ಕಟ್ಟುತ್ತಿದ್ದರು. ಕೂತುಕೊಳ್ಳಿ ಎಂದು ಜಲಜಕ್ಕ ಗದ್ದದಿಂದಲೇ ಕುರ್ಚಿ ತೋರಿಸಿದರು, ಬೆರಳು ನಿಲ್ಲಲಿಲ್ಲ. ನಾನು ನಡೆದದ್ದನ್ನು ಹೇಳಿದೆ. ಲ್ಯಾಮಿನೇಶನ್ನು, ಕಿಟಕಿ, ಬೆಳಕು, ಮಣಿಪಾಲ. ಹೇಳುತ್ತ ಹೋದಂತೆ ನನಗೇ ಅದು ಮನೆಗೆಲಸ ಮಾಡದ ಹುಡುಗನ ನೆಪದ ಹಾಗೆ ಕೇಳಿಸತೊಡಗಿತು.

"ಅಲ್ಲ ಮಾಸ್ಟ್ರೇ, ಆವತ್ತು ನೀವು ಫೋನಿನಲ್ಲಿ ತೋರಿಸಿದ್ದು. ನಾನು ಕಣ್ಣಾರೆ ನೋಡಿದ್ದು" ಎಂದರು ಜಲಜಕ್ಕ. "ಈಗ ಬಾಯಲ್ಲಿ ಹೇಳ್ತೀರಿ. ಈಗಿನದ್ದೂ ಫೋನಿನಲ್ಲಿ ಉಂಟಾ?"

ಹಳೆಯ ಕೆಂಪನ್ನು ಅಳಿಸುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಅದಕ್ಕೆಂದೇ ಕಾರ್ಡು ತಂದಿದ್ದೆ. ಜಗಲಿಯ ನೆರಳಿನಲ್ಲಿ ಎಂಟು ಪ್ರಶ್ನೆ ಕೇಳಿದೆ. ಶ್ರಾವ್ಯಾ ಪ್ರತಿ ಪ್ರಶ್ನೆಗೂ ಒಂದೆರಡು ಗಂಟು ಹಾಕುವಷ್ಟು ಹೊತ್ತು ಯೋಚಿಸಿ, ಒದ್ದೆ ಬೆರಳನ್ನು ಲಂಗಕ್ಕೆ ಒರೆಸಿ, ಉಜ್ಜಿ ಉಜ್ಜಿ ಮಂಕಾದ ಆ ಕಾರ್ಡನ್ನು ಎತ್ತಿದಳು. ಫೋನಿಗೆ ಪ್ರತಿ ಸಲವೂ ಕಂಡಿತು. ಎಂಟರಲ್ಲಿ ಐದು ಸರಿ. ತಪ್ಪಾದ ಮೂರೂ, ಹದಿನೇಳು ಗುರುತು ಬಂತಲ್ಲ ಎಂದು ನಾನು ಮುಂದಕ್ಕೆ ಓಡಿಸಿದ ಪಾಠಗಳಿಂದ ಬಂದವು. ಹೆಸರು ಹಳದಿಯಾಯಿತು.

"ಹಳದಿ ಅಂದ್ರೆ ಸೈನ್ಸ್ ಉಂಟಾ, ಇಲ್ವಾ?" ಎಂದು ಕೇಳಿದರು ಜಲಜಕ್ಕ.

ತೆಗೆದುಕೊಳ್ಳಲಿ ಎಂದು ನನಗೆ ಅನ್ನಿಸುತ್ತದೆ ಎಂದೆ.

ಆಗ ಮೊದಲ ಸಲ ಅವರ ಬೆರಳು ನಿಂತಿತು. "ಆವತ್ತು ನೀವು ಅನ್ನಿಸ್ತದೆ ಅಂತ ಹೇಳಲಿಲ್ಲ" ಎಂದರು. ಕೋಪದಿಂದ ಅಲ್ಲ. ಮತ್ತೆ ನಾರು ಎತ್ತಿಕೊಳ್ಳುತ್ತ, ಆ ಸಭೆಯ ಮರುವಾರವೇ ಕೋಣೆ ಬೇಡ ಎಂದು ತಂಗಿಗೆ ತಿಳಿಸಿದ್ದಾಗಿಯೂ, ಅದನ್ನೀಗ ತಂಗಿಯ ಗಂಡನ ಕಡೆಯ ಹುಡುಗಿಗೆ ಕೊಟ್ಟಾಗಿದೆ ಎಂದೂ ಹೇಳಿದರು. ನಾನು ತಬ್ಬಿಬ್ಬಾಗಿ ಶ್ರಾವ್ಯಾಳ ಕಡೆಗೆ ತಿರುಗಿ, ನಿನಗೆ ಸೈನ್ಸ್ ಬೇಕಾ ಎಂದು ಕೇಳಿದೆ. ಎಂಟು ತಿಂಗಳಲ್ಲಿ ನಾನು ಅವಳಿಗೆ ಕೇಳಿದ, ನಾಲ್ಕು ಉತ್ತರ ಇಲ್ಲದ ಮೊದಲ ಪ್ರಶ್ನೆ ಅದು.

"ಮೊದಲು ಇತ್ತು ಸರ್ ಆಸೆ. ಈಗ ಹಾಗೆಂತ ಇಲ್ಲ" ಎಂದಳು. ಮುಖದಲ್ಲಿ ಏನೂ ಇರಲಿಲ್ಲ. ಆದರೆ ಅವಳು ಬರಿಗಾಲಿನಲ್ಲಿದ್ದಳು, ಮತ್ತು ಅವಳ ಬಲಗಾಲಿನ ಹೆಬ್ಬೆರಳು ಜಗಲಿಯ ನೆಲವನ್ನು ಒಂದೇ ಸಮನೆ ಕೆರೆಯುತ್ತಿತ್ತು. ದೊಡ್ಡಪ್ಪ ಆಗಿದ್ದರೆ ಅಲ್ಲೇ ಹಿಡಿದು ಕೇಳುತ್ತಿದ್ದರು. ನಾನು ಕಂಡೂ ಕಾಣದವನ ಹಾಗೆ ಚಾ ಕುಡಿದು ಎದ್ದೆ.

ಪರೀಕ್ಷೆಯಲ್ಲಿ ಶ್ರಾವ್ಯಾ ಗಣಿತದಲ್ಲಿ ತರಗತಿಗೇ ಮೂರನೆಯವಳಾದಳು. ಫಲಿತಾಂಶ ಬಂದ ದಿನ ಜಲಜಕ್ಕನಿಗೆ ಫೋನು ಮಾಡಿದೆ. ಒಳ್ಳೆಯದಾಯಿತು ಮಾಸ್ಟ್ರೇ, ಕಾಮರ್ಸಿಗೆ ಮೊದಲೇ ಸೀಟು ಹೇಳಿಟ್ಟು ಆಯ್ತು, ಕಾಲೇಜು ಹತ್ತಿರವೇ ಉಂಟು, ಬೆಳಿಗ್ಗೆ ಹೂವಿಗೂ ಸಿಗುತ್ತಾಳೆ ಎಂದರು. ಉಳಿದ ಹದಿನೇಳು ಕಾರ್ಡುಗಳನ್ನೂ ನಾನು ಸ್ಟೀಲಿನ ನಾರಿನಿಂದ ಉಜ್ಜಿಟ್ಟಿದ್ದೇನೆ. ಈಗ ಮಕ್ಕಳನ್ನು ಬಾಯಿ ಬಿಟ್ಟು ಪ್ರಶ್ನೆ ಕೇಳುತ್ತೇನೆ, ಆಗಾಗ ಬೆಂಚಿನ ಕೆಳಗೆ ಬಗ್ಗಿಯೂ ನೋಡುತ್ತೇನೆ. ಎಲ್ಲರ ಕಾಲಲ್ಲೂ ಬೂಟು.

ಕಳೆದ ವಾರ ಮಳೆ ಸ್ವಲ್ಪ ಬಿಟ್ಟು ಬಿಸಿಲು ಬಿದ್ದ ಹೊತ್ತಿಗೆ ಶಿರ್ವದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿಗೆ ಬಂದು ನಿಂತ ಬಸ್ಸಿನಲ್ಲಿ ಶ್ರಾವ್ಯಾ ಇದ್ದಳು, ಕಾಲೇಜಿನ ಸಮವಸ್ತ್ರ, ಕಿಟಕಿ ಪಕ್ಕದ ಸೀಟು. ನಾನು ಕೈ ಎತ್ತಿದೆ. ಅಷ್ಟರಲ್ಲಿ ಬಸ್ಸು ಹೊರಟಿತು, ಒದ್ದೆ ಗಾಜಿನ ಮೇಲೆ ಬಿಸಿಲು ಬಿದ್ದು ಕಿಟಕಿ ಪೂರಾ ಬೆಳ್ಳಗಾಯಿತು. ಹುಡುಗಿ ನನ್ನನ್ನು ನೋಡಿಯೂ ಕೈ ಬೀಸಲಿಲ್ಲ, ಬೀಸದಿದ್ದರೆ ತಪ್ಪೇನೂ ಇಲ್ಲ, ನಾನು ಮಾಡಿದ್ದಕ್ಕೆ ಅಷ್ಟಾದರೂ ಬೇಕು ಎಂದು ಮನಸ್ಸಿನಲ್ಲೇ ಬರೆದುಕೊಂಡು, ಭಾರವಾದ ಎದೆಯಿಂದ ಕಾಪುವಿನವರೆಗೂ ಬಂದೆ. ಮನೆಯ ಮೆಟ್ಟಿಲು ಹತ್ತಿ ಚಪ್ಪಲಿ ಕಳಚುವಾಗ ಹೊಳೆಯಿತು: ಅವಳು ಕೈ ಬೀಸಿದಳೋ ಇಲ್ಲವೋ, ನನಗೆ ಕಂಡಿರಲೇ ಇಲ್ಲ. ಕೆಳಗೆ ನೋಡಿದೆ. ನನ್ನ ಹೆಬ್ಬೆರಳು ಮೆಟ್ಟಿಲನ್ನು ಕೆರೆಯುತ್ತಿತ್ತು.