ಮೂರು ನಿಮಿಷದ ರೀಲಿಗೆ ಮೂರು ವಾರದ ತಪಸ್ಸು

ಒಸಾಕಾದಲ್ಲಿ ಹೆಂಡತಿಯ ಮಾತು ಮೀರುವ ಗಂಡಸರು ಎಷ್ಟು ಮಂದಿಯೋ, ಇಸಾಮು ಅಂತೂ ಆ ಪಂಗಡದವನಲ್ಲ. ಆದರೆ ಅಪ್ಪನ ಕಾಲದ, ಕೀಲಿ ಕೊಟ್ಟು ಓಡಿಸುವ ಸಿನಿಮಾ ಕ್ಯಾಮೆರಾ ಕೈಗೆ ಬಂದರೆ ಮಾತ್ರ ಅವನೇ ಚಕ್ರವರ್ತಿ. (ಮೂರೇ ನಿಮಿಷ. ಅಷ್ಟರಲ್ಲಿ ರೀಲು ಮುಗಿದಿರುತ್ತದೆ.)

ಹೆಂಡತಿ ಚಿಜುಗೆ ಅರವತ್ತು ತುಂಬುತ್ತಿತ್ತು. ಅಲ್ಲಿನ ಪದ್ಧತಿಯಲ್ಲಿ ಅರವತ್ತೆಂದರೆ ಮರುಹುಟ್ಟು, ಕೂಸಿನಂತೆ ಕೆಂಪು ಟೋಪಿ, ಕೆಂಪು ಅಂಗಿ ತೊಡಲೇಬೇಕು. ಮಗಳು ತಾನೇ ಕೂತು ಹೊಲಿದಿದ್ದಳು.

"ರೀ, ನಂಗೆ ಬೇರೇನೂ ಬೇಡ. ಈ ಕೆಂಪು ಚೆನ್ನಾಗಿ ಬಂದ್ರೆ ಸಾಕು," ಎಂದಳು ಚಿಜು.

"ನಂಗೆ ನೀನು ಚೆನ್ನಾಗಿ ಬಂದ್ರೆ ಸಾಕು."

ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಅವನಾಡಿದ ಅತ್ಯುತ್ತಮ ಮಾತು ಅದು. ಸುಳ್ಳೂ ಅಲ್ಲ. ಆ ಮುಖ ನೋಡಿ ಅವನಿಗೆ ಇನ್ನೂ ಬೇಸರ ಬಂದಿರಲಿಲ್ಲ.

ಮೂರು ವಾರ ಫಿಲ್ಮಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿ, ಮಹಾಪಂಡಿತನಾಗಿ, ಇಸಾಮು ಮುದುಕ ಕುರೊದಾನ ಅಂಗಡಿಗೆ ಹೋದ.

"ಕಲರ್ ತಗೊಂಡ್ಹೋಗಿ ಯಜಮಾನ್ರೇ, ತಲೆನೋವಿಲ್ಲ," ಎಂದ ಕುರೊದಾ.

"ಅದು ಮರಳು ಎರಚಿದ ಹಾಗೆ ಬರುತ್ತೆ. ನನ್ನ ಹೆಂಡ್ತಿ ಮುಖದ ಮೇಲೆ ಮರಳಾ?"

"ಹಾಗಾದ್ರೆ ಈ ಕಪ್ಪು-ಬಿಳುಪು ನೋಡಿ. ಒಂದೊಂದು ಕೂದಲೂ ಎಣಿಸ್ಬಹುದು. ಆದ್ರೆ ಒಂದ್ಮಾತು, ಕೆಂಪು ಇದರ ಕಣ್ಣಿಗೆ ಬೀಳಲ್ಲ."

"ಗೊತ್ತು ಬಿಡ್ರೀ! ಕತ್ತಲೆಕೋಣೇಲಿ ಕೆಂಪು ದೀಪ ಹಾಕ್ಕೊಂಡೇ ತೊಳೀಬಹುದು, ಫಿಲ್ಮ್ ಕೆಡಲ್ಲ. ಅಷ್ಟು ಓದ್ಕೊಂಡಿಲ್ವಾ ನಾನು?"

ಬಲ್ಲವರೊಡನೆ ವಾದವೇಕೆಂದು ಕುರೊದಾ ತಲೆಬಾಗಿ ಪೊಟ್ಟಣ ಕಟ್ಟಿಕೊಟ್ಟ.

"ಕಪ್ಪು-ಬಿಳುಪಲ್ಲಿ ನನ್ನ ಕೆಂಪು ಎಲ್ಲಿಂದ ಬರುತ್ತೆ?" ಎಂದು ಮನೆಯಲ್ಲಿ ಚಿಜು ರೇಗಿದಳು.

"ಬಣ್ಣ ಬರಲ್ಲ, ಅದರ ಕಾಂತಿ ಬರುತ್ತೆ! ಇದು ಕಲೆ ಕಣೇ."

ಹುಟ್ಟುಹಬ್ಬದ ದಿನ ಚಿಜುವಿನ ಅಕ್ಕ, ಭಾವ, ನೆಂಟರೆಲ್ಲ ಸೇರಿದ್ದರು. ಇಸಾಮು ಒಂದು ತುತ್ತು ಮೀನನ್ನೂ ಬಾಯಿಗಿಡದೆ ಎಲ್ಲರ ಸುತ್ತ ಕ್ಯಾಮೆರಾ ಹಿಡಿದು ಕುಣಿದ.

ರೀಲು ತೊಳೆದು ಬಂದಾಗ ಅದೇ ಬಳಗವನ್ನು ಕರೆಸಿ, ಪರದೆ ಕಟ್ಟಿ, ದೀಪ ಆರಿಸಿದ. ಕೂದಲು ನಿಜವಾಗಿಯೂ ಎಣಿಸುವಂತಿತ್ತು. ಆದರೆ ಟೋಪಿ ಕಪ್ಪು. ಅಂಗಿ ಕಡುಗಪ್ಪು. ಕೆಂಪು ದಿಂಬು, ತುಟಿಯ ರಂಗು, ಅಕ್ಕನ ಕುಂಕುಮಬಣ್ಣದ ಕಿಮೋನೊ, ಶುಭಕ್ಕೆಂದು ಇಟ್ಟ ಇಡೀ ಕೆಂಪು ಮೀನು, ಎಲ್ಲವೂ ಇದ್ದಿಲು. ಭಾವನ ಸೂಟಂತೂ ಮೊದಲೇ ಕಪ್ಪು.



"ಎಲ್ಲಾ ಸೂತಕದ ಕಪ್ಪು ಉಟ್ಟಿದ್ದಾರಲ್ಲ, ಇದು ಯಾರ ಸಾವಿನ ಮನೆ ರೀ?" ಎಂದಳು ಚಿಜು.

"ಅದೂ... ಈ ಫಿಲ್ಮಿಗೆ ಕೆಂಪು ಕಾಣಲ್ಲ, ಅದಕ್ಕೇ ಕಪ್ಪು..."

"ತಡೀರಿ." ಚಿಜು ಪರದೆಯತ್ತ ಬೆರಳು ಚಾಚಿದಳು. "ಅಕ್ಕ ಇದ್ದಾಳೆ, ಭಾವ ಇದ್ದಾರೆ, ಮಗಳಿದ್ದಾಳೆ, ನಾನಿದ್ದೀನಿ. ಇಲ್ಲದೋರು ನೀವೊಬ್ರೇ!"

ಬಳಗವೆಲ್ಲ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಿತು.

"ಅಯ್ಯೋ, ಅದ್ರಲ್ಲೂ ನಾನು ಎಷ್ಟು ಖುಷಿಯಾಗಿದ್ದೀನಿ ನೋಡ್ರೀ!" ಎಂದಳು ಚಿಜು.

ಇಸಾಮು ನೋಡಿದ. ಹೌದು, ಗಂಡನ ತಿಥಿಯಲ್ಲಿ ಅವಳು ಬಹಳ ಚೆಂದವಾಗಿ ನಗುತ್ತಿದ್ದಳು.