ಐಸ್ ಕಾಣದ ಹಾಕಿ ಮ್ಯಾನೇಜರ್

ಕೆಲವರು ಹೋದಲ್ಲೆಲ್ಲ ಅವರಿಗೆ ಸ್ನೇಹಿತರು ಸಿಗುತ್ತಾರೆ. ನಾನು ಹೋದಲ್ಲೆಲ್ಲ ಒಂದು ಎಡವಟ್ಟು ನನಗಿಂತ ಮೊದಲೇ ಬಂದು ಕುರ್ಚಿ ಹಾಕಿಕೊಂಡು ಕೂತಿರುತ್ತದೆ. ಡಬ್ಲಿನ್ನಿನ ಒಂದು ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಮೂರು ವರ್ಷ ಕೆಲಸ ಮಾಡಿದೆ. ಆ ಮೂರೂ ವರ್ಷ ಅಲ್ಲಿನ ಪುರುಷರ ಐಸ್ ಹಾಕಿ ತಂಡಕ್ಕೆ ನಾನೇ ಮ್ಯಾನೇಜರ್. ಆದರೆ ಅವರು ಐಸ್ ಮೇಲೆ ಆಡುವುದನ್ನು ಒಂದು ಸಲವಾದರೂ ಕಣ್ಣಾರೆ ನೋಡಬೇಕು ಅನ್ನುವ ಆಸೆ ಈಡೇರುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಈಗ ನಾನು ಪರೀಕ್ಷಾ ವಿಭಾಗದಲ್ಲಿದ್ದೇನೆ. ಇಲ್ಲಿ ಯಾರೂ ನಗುವುದಿಲ್ಲ. ಹಾಗಾಗಿ ಆ ಹುಡುಗರು ಬಹಳ ನೆನಪಾಗುತ್ತಾರೆ.

೧. ಹಾಕಿ ಗೊತ್ತಲ್ಲ?

ಕೆಲಸಕ್ಕೆ ಸೇರಿದ ಎರಡನೇ ದಿನ ನಮ್ಮ ಮೇಲಧಿಕಾರಿಣಿ ಕರೆದು ಒಂದು ಫೈಲು ಕೈಗಿಟ್ಟರು.

"ಐಸ್ ಹಾಕಿ ತಂಡ. ಇನ್ಮೇಲೆ ಇದು ನಿಮ್ಮದು. ನೀವು ಇಂಡಿಯಾದವರು, ಹಾಕಿ ಗೊತ್ತಿರಬೇಕಲ್ಲ?"

ಗೊತ್ತಿಲ್ಲ ಎನ್ನಲು ದೇಶಾಭಿಮಾನ ಬಿಡಲಿಲ್ಲ. ಮೈಸೂರಿನ ಹೈಸ್ಕೂಲಿನಲ್ಲಿ ನಾನು ಹಾಕಿ ಸ್ಟಿಕ್ ಹಿಡಿದದ್ದು ಒಂದೇ ಸಲ, ಅದೂ ಮೈದಾನಕ್ಕೆ ನುಗ್ಗಿದ ಹಸುವನ್ನು ಓಡಿಸು ಎಂದು ಪಿ.ಟಿ. ಮೇಷ್ಟ್ರು ಹೇಳಿದಾಗ. ಹಸು ಹೋಗಲಿಲ್ಲ. "ಸ್ವಲ್ಪ ಗೊತ್ತು" ಎಂದೆ.

ಅಭ್ಯಾಸ ನಡೆಯುತ್ತಿದ್ದುದು ಡಬ್ಲಿನ್ನಿನಲ್ಲೇ ಇರುವ ಬ್ಲಾಂಚರ್ಡ್ಸ್‌ಟೌನ್‌ನ ಒಂದು ಒಳಾಂಗಣ ಹಾಲಿನಲ್ಲಿ, ನಮ್ಮ ಮನೆಗೆ ಎರಡು ಬಸ್ ಸ್ಟಾಪ್ ದೂರ. ಐಸ್ ಹಾಕಿಯಲ್ಲವೇ ಎಂದು ಎರಡು ಸ್ವೆಟರ್, ಮಂಕಿ ಕ್ಯಾಪು, ಕೈಗವಸು, ಮೇಲೊಂದು ಶಾಲು ಎಲ್ಲ ಸುತ್ತಿಕೊಂಡು ಹೋದೆ. ಒಳಗೆ ನೋಡಿದರೆ ಬೆಚ್ಚಗಿದೆ. ಇಪ್ಪತ್ತು ಹುಡುಗರು ಬನಿಯನ್ನಿನಲ್ಲಿ ಬೆವರು ಸುರಿಸುತ್ತ, ಚಕ್ರದ ಶೂ ಹಾಕಿಕೊಂಡು ಮರದ ನೆಲದ ಮೇಲೆ ಗಡಗಡ ಓಡಾಡುತ್ತಿದ್ದಾರೆ.

"ಐಸ್ ಎಲ್ಲಿ?" ಎಂದು ಕ್ಯಾಪ್ಟನ್‌ನನ್ನು ಕೇಳಿದೆ.

"ಐಸ್ ಇಲ್ಲ ಬಾಸ್" ಎಂದ. ಅವನು ಮೊದಲ ದಿನದಿಂದಲೂ ನನ್ನನ್ನು ಬಾಸ್ ಎಂದೇ ಕರೆದದ್ದು. "ಈ ಕಡೆ ಎಲ್ಲೂ ಒಂದು ರಿಂಕ್, ಅಂದ್ರೆ ಐಸ್ ಹಾಸಿದ ಅಂಗಣ, ಇಲ್ಲ. ಟೂರ್ನಿ ಇದ್ದಾಗ ಬಸ್ಸಲ್ಲಿ ಉತ್ತರಕ್ಕೆ ಹೋಗ್ತೀವಿ. ಉಳಿದ ದಿನ ಚಕ್ರ."

ಮನೆಗೆ ಬಂದು ಶಾಲು ಬಿಚ್ಚುತ್ತಾ ಯಜಮಾನರಿಗೆ ಹೇಳಿದೆ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

"ಅಕ್ಕಿ ಇಲ್ದೆ ಬಿಸಿಬೇಳೆಬಾತ್ ಮಾಡೋರು ಐರ್ಲೆಂಡಲ್ಲೂ ಇದಾರೆ ಅನ್ನು. ನೀನು ಸರಿಯಾದ ಜಾಗಕ್ಕೇ ಸೇರ್ಕೊಂಡಿದ್ದೀಯ."

೨. ಗೋಲಿ

ಈ ಆಟದಲ್ಲಿ ಗೋಲು ಕಾಯುವವನನ್ನು ಎಲ್ಲರೂ 'ಗೋಲಿ' ಎನ್ನುತ್ತಾರೆ. ನಮ್ಮ ಗೋಲಿ ಪಕ್ಕದ ಬಡಾವಣೆ ಕ್ಯಾಸಲ್‌ನಾಕ್‌ನ ಕನ್ನಡದವರ ಮನೆಯ ಹುಡುಗ, ಹುಟ್ಟಿದ್ದು ಇಲ್ಲೇ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಅಪ್ಪಟ ಡಬ್ಲಿನ್ ರಾಗದ ಇಂಗ್ಲಿಷಿನಲ್ಲಿ. "ಊಟ ಆಯ್ತೇನೋ?" ಎಂದರೆ "ಐಮ್ ಗ್ರಾಂಡ್, ಆಂಟಿ" ಎನ್ನುತ್ತಾನೆ. ಆಯಿತು, ಆಗಿಲ್ಲ, ಬೇಡ, ಇನ್ನೂ ಬದುಕಿದ್ದೇನೆ, ಎಲ್ಲಕ್ಕೂ ಇಲ್ಲಿ ಗ್ರಾಂಡ್ ಒಂದೇ.

ಒಂದು ಭಾನುವಾರ ಅವನ ಮೊಣಕಾಲು ಊದಿಕೊಂಡಿತು. ಶನಿವಾರ ಅದೇ ಹಾಲಿನಲ್ಲಿ ಒಂದು ಪಂದ್ಯವಿತ್ತು. ಅದೇ ಚಿಂತೆಯಲ್ಲಿದ್ದಾಗ ಮೈಸೂರಿನಿಂದ ಅತ್ತೆಯವರ ಫೋನು.

"ಯಾಕಮ್ಮಾ, ದನಿ ಸಪ್ಪಗಿದೆ?"

"ಶನಿವಾರಕ್ಕೆ ಗೋಲಿ ಇಲ್ಲ ಅತ್ತೆ. ನಮ್ಮ ಹತ್ರ ಇರೋದೇ ಒಂದು ಗೋಲಿ. ಅದಿಲ್ದೆ ಹುಡುಗರು ಆಡೋ ಹಾಗೇ ಇಲ್ಲ."

ಅತ್ತೆ ಟಿ.ವಿ. ಸದ್ದು ತಗ್ಗಿಸಿದರು.

"ಕಾಲೇಜು ಹುಡುಗರಾ?"

"ಹೌದು ಅತ್ತೆ, ಇಪ್ಪತ್ತು ಜನ."

"ಇಪ್ಪತ್ತು ಜನಕ್ಕೆ ಒಂದೇ ಗೋಲೀನಾ?" ಎಂದು ನಿಟ್ಟುಸಿರು ಬಿಟ್ಟರು. "ಪಾಪ, ಅಷ್ಟು ದೊಡ್ಡ ದೇಶ ಅಂತಾರೆ."

ತಿಂಗಳಾದ ಮೇಲೆ ಊರಿನಿಂದ ಬಂದ ಪರಿಚಯದವರೊಬ್ಬರು ಅತ್ತೆ ಕೊಟ್ಟ ಗಂಟು ತಂದುಕೊಟ್ಟರು. ಚಟ್ನಿಪುಡಿ, ಹಪ್ಪಳ, ಕೆಳಗೆ ಒಂದು ಭಾರದ ಬಟ್ಟೆ ಚೀಲ. ಬಿಚ್ಚಿದರೆ ಬಣ್ಣಬಣ್ಣದ ಗಾಜಿನ ಗೋಲಿಗಳು ಅಡುಗೆಮನೆ ತುಂಬ ಉರುಳಿದವು. ಜೊತೆಗೊಂದು ಚೀಟಿ: "ಜಗಳ ಆಡದೆ ಹಂಚಿಕೊಳ್ಳಲು ಹೇಳು."

೩. ಯಾವ ರಾಷ್ಟ್ರ?

ವರ್ಷಕ್ಕೊಮ್ಮೆ ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್. ಮೊದಲ ವರ್ಷ ನನ್ನ ಸಡಗರ ನೋಡಬೇಕಿತ್ತು. ಬೆಳಿಗ್ಗೆ ಬೇಗ ಎದ್ದು ಇಪ್ಪತ್ತು ಜನಕ್ಕಾಗುವಷ್ಟು ಚಿತ್ರಾನ್ನ ಕಲಸಿ, ಶಾಪಿಂಗ್ ಸೆಂಟರಿನ ಮುಂದೆ ನಿಂತಿದ್ದ ಬಸ್ಸಿನ ಮುಂದಿನ ಸೀಟಿನಲ್ಲಿ ಡಬ್ಬಿ ಸಮೇತ ಕೂತೆ. ಎಷ್ಟು ಹೊತ್ತಿನ ದಾರಿ ಎಂದು ಡ್ರೈವರನ್ನು ಕೇಳಿದೆ.

"ಎರಡು ಗಂಟೆ. ಗಡಿ ದಾಟಿದ ಮೇಲೆ ಸ್ವಲ್ಪ ದೂರ."

ಗಡಿ ಎಂದ ಕೂಡಲೇ ಸೀಟಿನಿಂದ ಎದ್ದು ನಿಂತೆ. ಉತ್ತರ ಎಂದರೆ ಊರಿನ ಉತ್ತರ ದಿಕ್ಕು ಎಂದುಕೊಂಡಿದ್ದೆ. ಹುಡುಗರು ಹೇಳಿದ್ದು ಉತ್ತರ ಐರ್ಲೆಂಡು, ಅದು ಬ್ರಿಟನ್ನಿಗೆ ಸೇರಿದ್ದು. ನನ್ನದು ಇಂಡಿಯಾ ಪಾಸ್‌ಪೋರ್ಟು, ಅದರಲ್ಲಿ ಐರ್ಲೆಂಡಿನ ಅನುಮತಿ ಮಾತ್ರ ಇದೆ. ಆ ಕಡೆ ಕಾಲಿಡಲು ಬೇರೆಯೇ ವೀಸಾ ಬೇಕು.

"ಅಲ್ಲಿ ಗೇಟೂ ಇಲ್ಲ, ಪೊಲೀಸೂ ಇಲ್ಲ ಬಾಸ್" ಎಂದ ಕ್ಯಾಪ್ಟನ್. "ಯಾರೂ ಕೇಳೋದಿಲ್ಲ. ಯು ವಿಲ್ ಬಿ ಗ್ರಾಂಡ್."

ನನ್ನ ಹಣೆಬರಹ ನನಗೆ ಗೊತ್ತು. ಯಾರನ್ನೂ ಕೇಳದವರು ನನ್ನನ್ನು ಹುಡುಕಿಕೊಂಡು ಬಂದು ಕೇಳುತ್ತಾರೆ. ಡಬ್ಬಿ ಅಲ್ಲೇ ಬಿಟ್ಟು ಕೆಳಗಿಳಿದೆ. ಅಳು ಬರುವ ಹಾಗಾಗಿತ್ತು. ಅಳುವ ಬದಲು ಜಗಳಕ್ಕೆ ನಿಂತೆ.

"ಫೈಲಿನ ಮೇಲೆ ರಾಷ್ಟ್ರೀಯ ಅಂತ ಬರೆದಿದೆ. ಈ ಕಡೆ ಕಾಲೇಜು, ಆ ಕಡೆ ಕಾಲೇಜು, ಆಡೋದು ಆ ಕಡೆ. ಹಾಗಾದ್ರೆ ಇದು ಯಾವ ರಾಷ್ಟ್ರದ್ದು?"

ಬಸ್ಸಿನಲ್ಲಿ ಹಾಡು ನಿಂತಿತು. ಬಾಯಿಗೆ ಹೋಗುತ್ತಿದ್ದ ಚಿತ್ರಾನ್ನವೂ ನಿಂತಿತು. ಕ್ಯಾಪ್ಟನ್ ಲೆಟರ್‌ಕೆನ್ನಿಯವನು, ಗಡಿ ಪಕ್ಕದಲ್ಲೇ ಬೆಳೆದವನು. ಬಾಗಿಲ ಬಳಿ ಬಂದು ಬಗ್ಗಿ ಮೆಲ್ಲಗೆ ಹೇಳಿದ:

"ಬಾಸ್, ಈ ಪ್ರಶ್ನೆಗೆ ನಮ್ಮೋರು ನೂರು ವರ್ಷ ಹೊಡೆದಾಡಿದಾರೆ. ನೀವು ಈಗ ಮತ್ತೆ ಶುರು ಮಾಡ್ಬೇಡಿ. ಹನ್ನೆರಡಕ್ಕೆ ಮ್ಯಾಚಿದೆ."

೪. ಫೋನಿನಲ್ಲಿ ಪಂದ್ಯ

ಎರಡನೇ ವರ್ಷ ಒಂದು ಉಪಾಯ ಹೂಡಿದೆ. ಗೋಲಿಯ ತಾಯಿ ಬೆಂಗಳೂರಿನವರು. ಇಲ್ಲಿಗೆ ಬಂದು ಬಹಳ ವರ್ಷವಾಗಿ ಐರಿಷ್ ಪಾಸ್‌ಪೋರ್ಟು ಸಿಕ್ಕಿತ್ತು, ಗಡಿಯ ಕಾಟವಿಲ್ಲ. ಅವರು ರಿಂಕ್‌ನಲ್ಲಿ ಕೂತು ಫೋನಿನಲ್ಲಿ ಆಟ ವಿವರಿಸುವುದು, ನಾನು ಮನೆಯ ಸೋಫಾದಲ್ಲಿ ಕೂತು ಬರೆದುಕೊಳ್ಳುವುದು ಎಂದಾಯಿತು.

"ಶುರುವಾಯ್ತಾ?" ಎಂದೆ.

"ಶುರುವಾಯ್ತು ಅಕ್ಕ. ಎಲ್ರೂ ನನ್ನ ಮಗನ ಕಡೆಗೇ ಹೊಡೀತಿದಾರೆ. ಇದೇನಿದು ಅನ್ಯಾಯ? ಬೇರೆ ಹುಡುಗ್ರೂ ಇದಾರಲ್ಲ? ನೀವು ಮ್ಯಾನೇಜರ್, ಒಂದ್ಮಾತು ಹೇಳ್ಬಾರ್ದಾ?"

"ಅವನ ಕೆಲ್ಸಾನೇ ಅದು ಕಣ್ರೀ. ಸ್ಕೋರ್ ಎಷ್ಟು?"

"ಸ್ಕೋರ್ ನೋಡ್ಲಿಲ್ಲ. ಇವನು ಎಷ್ಟು ಸಣ್ಣಗಾಗಿದಾನೆ ಅಕ್ಕ!"

ಗೋಲಿಯ ಮೈಮೇಲೆ ಹಾಸಿಗೆ ಸುತ್ತಿದ ಹಾಗೆ ಪ್ಯಾಡುಗಳಿರುತ್ತವೆ. ಮುಖದ ಮುಂದೆ ಕಬ್ಬಿಣದ ಜಾಲರಿ. ಅದರೊಳಗೆ ಮಗ ಸಣ್ಣಗಾದದ್ದು ತಾಯಿಗೆ ಮಾತ್ರ ಕಾಣಲು ಸಾಧ್ಯ.

ಹತ್ತು ನಿಮಿಷ ಗಲಾಟೆಯಷ್ಟೇ ಕೇಳಿಸಿತು. ಆಮೇಲೆ ಅವರ ದನಿ ಬಂತು.

"ಒಂದು ಹುಡುಗನ್ನ ಗಾಜಿನ ಗೂಡಲ್ಲಿ ಕೂಡಿ ಹಾಕಿದಾರೆ ಅಕ್ಕ. ಪಾಪ, ತಲೆ ತಗ್ಗಿಸಿ ಕೂತಿತ್ತು. ಏನೂ ತಿಂದಿರ್ಲಿಲ್ವೇನೋ. ಮೇಲಿಂದ ಕೈ ಹಾಕಿ ಎರಡು ಕೋಡುಬಳೆ ಕೊಟ್ಟೆ. ಗೋಲ್ ಕಡೆಯಿಂದ ನನ್ನ ಮಗ 'ಮಮ್, ಸ್ಟಾಪ್!' ಅಂತ ಕಿರಿಚ್ತಾ ಇದಾನೆ."

ತಪ್ಪು ಆಡಿದವನನ್ನು ಎರಡು ನಿಮಿಷ ಹೊರಗೆ ಕೂರಿಸುವ ಶಿಕ್ಷೆ ಅದು. ನನಗೆ ಅನುಮಾನ ಬಂತು.

"ಅವನ ಜೆರ್ಸಿ ಬಣ್ಣ ಯಾವುದು?"

"ಕೆಂಪು."

ನಮ್ಮದು ನೀಲಿ. ನಾನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿ ಭಾರಿ ಕೂಗು ಎದ್ದಿತು.

"ಅಯ್ಯೋ, ಗೋಲ್ ಆಗೋಯ್ತು! ಯಾರು ಹೊಡೆದ್ರು ಅಂತೀರಾ? ಅದೇ ಕೋಡುಬಳೆ ಹುಡುಗ. ನೋಡಿ ಅಕ್ಕ, ಹೊಟ್ಟೆಗೆ ಬಿದ್ಮೇಲೆ ಎಷ್ಟು ಚುರುಕಾದ!"

೫. ಹತ್ತು ಬೆರಳು

ಮೂರನೇ ವರ್ಷ ಬಂತು. ಕ್ಯಾಪ್ಟನ್‌ಗೂ ಗೋಲಿಗೂ ಅದೇ ಕೊನೆಯ ವರ್ಷ. ನನಗೂ ಬೇಸಿಗೆಯಿಂದ ಪರೀಕ್ಷಾ ವಿಭಾಗಕ್ಕೆ ಹೋಗಲು ಆದೇಶವಾಗಿತ್ತು. ಈ ಸಲ ನೋಡದಿದ್ದರೆ ಈ ಹುಡುಗರನ್ನು ಐಸ್ ಮೇಲೆ ಇನ್ನೆಂದೂ ನೋಡುವ ಹಾಗಿಲ್ಲ.

"ಏನೇ ಆಗ್ಲಿ, ನಾನು ಐಸ್ ನೋಡ್ಲೇಬೇಕು" ಎಂದೆ ಯಜಮಾನರಿಗೆ.

"ಫ್ರಿಜ್ ತೆಗಿ" ಎಂದರು.

ಒಂದು ದಿನ ಮಾತು ಬಿಟ್ಟೆ. ಮರುದಿನ ಅವರೇ ಕೂತು ವೀಸಾ ಅರ್ಜಿ ತುಂಬಿಸಿದರು. ಕಾಲೇಜಿನ ಪತ್ರ, ಬ್ಯಾಂಕಿನ ಪತ್ರ, ಬಾಡಿಗೆ ಪತ್ರ, ಮದುವೆ ಸರ್ಟಿಫಿಕೇಟು. ಎರಡು ಗಂಟೆಯ ದಾರಿಗೆ ಅಂಗೈ ದಪ್ಪದ ಕಾಗದ. ವೀಸಾ ಕೇಂದ್ರದಲ್ಲಿ ಹತ್ತೂ ಬೆರಳಿನ ಗುರುತು ಕೊಟ್ಟೆ. ಅಲ್ಲಿದ್ದ ಹೆಂಗಸು ಬಹಳ ಒಳ್ಳೆಯವಳು, ಕೆಲಸದ ಮಧ್ಯೆ ಮಾತಿಗೆಳೆದಳು.

"ಎಷ್ಟು ದಿನಕ್ಕೆ ಹೋಗ್ತಿದ್ದೀರಿ?"

"ಬೆಳಿಗ್ಗೆ ಹೋಗಿ ಸಂಜೆ ಬರ್ತೀನಿ."

"ಅಲ್ಲಿ ಯಾರನ್ನ ನೋಡೋಕೆ?"

"ನನ್ನ ಹುಡುಗರನ್ನ."

"ಓ, ಎಷ್ಟು ಜನ?"

"ಇಪ್ಪತ್ತು."

ಅವಳು ಪೆನ್ನು ಕೆಳಗಿಟ್ಟಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಎಲ್ಲಾ ಗಂಡೇನಾ?"

೬. ಐಸ್

ಪಾಸ್‌ಪೋರ್ಟು ವೀಸಾ ಕೇಂದ್ರದವರ ಬಳಿಯೇ ಉಳಿಯಿತು. ಚಾಂಪಿಯನ್‌ಷಿಪ್ ಶನಿವಾರ. ಸೋಮವಾರ ಬರಲಿಲ್ಲ, ಬುಧವಾರ ಬರಲಿಲ್ಲ. ಗುರುವಾರ ಅಭ್ಯಾಸದ ಹೊತ್ತಿಗೆ ಹುಡುಗರು ನನ್ನ ಮುಖ ನೋಡಿಯೇ ತಿಳಿದುಕೊಂಡರು. ಇಪ್ಪತ್ತೂ ಜನ ಸಾಲಾಗಿ ಬಂದು "ಗ್ರಾಂಡ್ ಆಗುತ್ತೆ ಬಾಸ್" ಎಂದು ಹೇಳಿ ಹೋದರು. ಶುಕ್ರವಾರ ಮಧ್ಯಾಹ್ನ ಲಕೋಟೆ ಬಂತು. ವೀಸಾ ಇತ್ತು. ಅಡುಗೆಮನೆಯಲ್ಲಿ ನಿಂತು ಚೆನ್ನಾಗಿ ಅತ್ತೆ. ಯಜಮಾನರು ಟಿಶ್ಯೂ ಕೊಟ್ಟು, "ಅದರ ಮೇಲೆ ಬೀಳಿಸ್ಬೇಡ, ಇಂಕು ಹೋದ್ರೆ ಮತ್ತೆ ಅರ್ಜಿ" ಎಂದರು.

ಶನಿವಾರ ಬಸ್ಸಿನ ಮುಂದಿನ ಸೀಟಿನಲ್ಲಿ ವೀಸಾದ ಪುಟಕ್ಕೆ ಬೆರಳಿಟ್ಟುಕೊಂಡು ಕೂತೆ. ಯಾರು ಯಾವಾಗ ಕೇಳಿದರೂ ತೋರಿಸಲು ಸಿದ್ಧ. ಒಂದು ಗಂಟೆಯ ಮೇಲೆ ಕ್ಯಾಪ್ಟನ್‌ನನ್ನು ಕೇಳಿದೆ, "ಗಡಿ ಯಾವಾಗ ಬರುತ್ತೆ?"

"ದಾಟಿ ಹತ್ತು ನಿಮಿಷ ಆಯ್ತು ಬಾಸ್. ಬೋರ್ಡಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂತಲ್ಲ, ಅದೇ."

ಯಾರೂ ಕೇಳಲಿಲ್ಲ. ನಿಜ ಹೇಳುತ್ತೇನೆ, ಸ್ವಲ್ಪ ಅವಮಾನವೇ ಆಯಿತು.

ರಿಂಕ್‌ನ ಬಾಗಿಲು ತೆರೆದಾಗ ಎಲ್ಲ ಮರೆತೆ. ಅಷ್ಟು ಬಿಳಿಯ ನೆಲವನ್ನು ನಾನು ನೋಡಿರಲಿಲ್ಲ. ಅಲ್ಲಿ ಮರದ ನೆಲದ ಮೇಲೆ ಕಬ್ಬಿಣದ ಬೀರು ಎಳೆದ ಹಾಗೆ ಸದ್ದು ಮಾಡುತ್ತಿದ್ದ ಹುಡುಗರು ಇಲ್ಲಿ ಸದ್ದೇ ಇಲ್ಲದೆ ತೇಲಿಕೊಂಡು ಹೋದರು. ನಾನು ಇವರಿಗೆ ಮೂರು ವರ್ಷ ಬಸ್ಸು ಹಿಡಿದುಕೊಟ್ಟು ಚಿತ್ರಾನ್ನ ಕಟ್ಟಿಕೊಟ್ಟದ್ದು ಇದಕ್ಕಾ ಎನಿಸಿತು.

"ಶೀತಕ್ಕಾ ಅಕ್ಕ, ಕಣ್ಣಲ್ಲಿ ನೀರು?" ಎಂದರು ಪಕ್ಕದಲ್ಲಿದ್ದ ಗೋಲಿಯ ತಾಯಿ.

"ಹೂಂ, ಶೀತಕ್ಕೆ" ಎಂದೆ. ಅವರೂ ಕಣ್ಣೊರೆಸಿಕೊಂಡರು. ಅವರಿಗೂ ಶೀತವೇ ಇರಬೇಕು.

ಬೆಳಗಿನ ಪಂದ್ಯ ಗೆದ್ದರು. ಫೈನಲ್‌ನಲ್ಲಿ ಕೊನೆಯ ನಿಮಿಷ ಒಂದೇ ಒಂದು ಗೋಲಿನಿಂದ ಸೋತರು. ಕ್ಯಾಪ್ಟನ್ ಹೆಲ್ಮೆಟ್ ತೆಗೆಯಲಿಲ್ಲ, ಒಳಗೆ ಅಳುತ್ತಿದ್ದ. ಹತ್ತಿರ ಹೋಗಿ ನನ್ನ ಕರವಸ್ತ್ರ ಕೊಟ್ಟೆ. ಮೂಗು ಒರೆಸಿಕೊಂಡು ಹೇಳಿದ.

"ಬಾಸ್, ಮೂರು ಗಂಟೆಗೆ ಐಸ್ ಎಲ್ಲರಿಗೂ ಬಿಡ್ತಾರೆ. ನೀವು ಇಷ್ಟು ಕಷ್ಟಪಟ್ಟು ಬಂದು ಕಾಲೂ ಇಡದೆ ಹೋಗೋದು ಬೇಡ."

ಬೇಡ ಎಂದರೂ ಬಿಡಲಿಲ್ಲ. ಸೋತ ಇಪ್ಪತ್ತು ಜನ ನನ್ನನ್ನು ಮೆರವಣಿಗೆಯಲ್ಲಿ ಸ್ಕೇಟ್ ಕೊಡುವ ಕೌಂಟರಿಗೆ ಕರೆದುಕೊಂಡು ಹೋದರು. ಒಳಗೆ ಒಬ್ಬ ಹಿರಿಯರು ಪತ್ರಿಕೆ ಓದುತ್ತಿದ್ದರು. ಶೂ ವಾಪಸು ಕೊಡುವವರೆಗೆ ಏನಾದರೂ ಗುರುತಿನ ಚೀಟಿ ಇಡಬೇಕು ಎಂದರು.

ನನ್ನ ಮೈ ಜುಮ್ಮೆಂದಿತು. ಕೊನೆಗೂ ಒಬ್ಬರು ಕೇಳಿದರು! ಪಾಸ್‌ಪೋರ್ಟು ತೆಗೆದು, ವೀಸಾದ ಪುಟ ಬಿಡಿಸಿ, ಮಡಿಕೆ ಸವರಿ, ಅವರ ಕಡೆಗೆ ತಿರುಗಿಸಿ ಇಟ್ಟೆ.

"ಇದು ನನ್ನ ವೀಸಾ" ಎಂದೆ. "ದಯವಿಟ್ಟು ಸರಿಯಾಗಿ ನೋಡಿ."

ಅವರು ಪತ್ರಿಕೆ ಮಡಿಚಿಟ್ಟು ಕನ್ನಡಕ ಹಾಕಿಕೊಂಡರು. ವೀಸಾ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ವೀಸಾ ನೋಡಿದರು. ಹಿಂದೆ ಇಪ್ಪತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತೆ. ಯಾಕೆ ಬಂದಿರಿ, ಯಾವಾಗ ವಾಪಸು, ಬ್ಯಾಂಕಿನಲ್ಲಿ ಎಷ್ಟಿದೆ, ಯಜಮಾನರ ಕೆಲಸ ಏನು, ಯಾವ ಪ್ರಶ್ನೆ ಬಂದರೂ ಉತ್ತರ ನಾಲಿಗೆಯ ತುದಿಯಲ್ಲಿತ್ತು.

ಹಿರಿಯರು ಕನ್ನಡಕ ತೆಗೆದು, ಪಾಸ್‌ಪೋರ್ಟನ್ನು ಯಾರದೋ ಕಾರಿನ ಕೀಲಿಯ ಪಕ್ಕ ಗೂಡಿನಲ್ಲಿಟ್ಟು, ಕೌಂಟರಿನ ಮೇಲೆ ಬಗ್ಗಿ ನನ್ನ ಪಾದ ನೋಡಿದರು.

"ಐದೋ, ಆರೋ?"