ಮೋಟಾರಿಗೊಬ್ಬ ಪಾಲುದಾರ

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದ ಅಂದಾನಪ್ಪ ಜೀವಮಾನದಲ್ಲಿ ಒಂದೇ ಸಲ ಧೈರ್ಯದ ಮಾತಾಡಿದ್ದು. ಅದೂ ಪಕ್ಕದ ಓಬಳೇಶನ ಹೋಟೆಲಿನಲ್ಲಿ, ಚಹಾ ಇನ್ನೂ ಬಿಸಿಯಿದ್ದಾಗ. "ರೊಕ್ಕ ಹಾಕೋ ಪಾಲುದಾರ ಒಬ್ಬ ಸಿಕ್ರ ಸಾಕು, ಕಂಪ್ಲಿಗೆ ಮೋಟಾರು ಬಿಡ್ತೀನಿ ನೋಡು. ಯಾರಾದ್ರೂ ಸರಿ" ಎಂದುಬಿಟ್ಟ. ಆ ಕೊನೆಯ ಎರಡು ಶಬ್ದಗಳನ್ನು ಚಹಾದ ಜೊತೆ ನುಂಗಿಕೊಂಡಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ.

ಮೋಟಾರು ಬಸ್ಸುಗಳು ಆಗತಾನೇ ಊರೂರಿಗೆ ಓಡಲು ಶುರುವಾಗಿದ್ದ ಕಾಲ ಅದು. ಬಳ್ಳಾರಿಯ ಗುತ್ತಿಗೆದಾರನೊಬ್ಬ ತನ್ನ ಹಳೆಯ ಬಸ್ಸನ್ನು ಮಾರಾಟಕ್ಕೆ ಇಟ್ಟಿದ್ದ. ಅಂದಾನಪ್ಪ ಕೂಡಿಟ್ಟದ್ದನ್ನೆಲ್ಲ ಬಾಚಿ ಮುಂಗಡ ಕೊಟ್ಟು ಬಂದಿದ್ದ. ಉಳಿದದ್ದನ್ನು ಸೋಮವಾರದೊಳಗೆ ಕಟ್ಟದಿದ್ದರೆ ಬಸ್ಸೂ ಇಲ್ಲ, ಮುಂಗಡವೂ ಇಲ್ಲ ಎಂದು ಮಾತಾಗಿತ್ತು. ಈಗ ಶನಿವಾರ. ಬೆಳಗ್ಗೆ ಅವನು ಪಂಪು ಹಿಡಿದು ಸೈಕಲ್ಲಿಗೆ ಗಾಳಿ ತುಂಬುತ್ತಿದ್ದಾಗ ಓಬಳೇಶ ಬಂದು, ಸಾವಿನ ಸುದ್ದಿ ಹೇಳುವವನಂತೆ ತಲೆಯ ವಸ್ತ್ರ ತೆಗೆದ.

"ಅಂದಾನಪ್ಪಾ, ನಿನಗ ಪಾಲುದಾರ ಸಿಕ್ಕಾನ."

"ಯಾರು?"

"ಮರಿಯಮ್ಮನಹಳ್ಳಿ ಉಚ್ಚೆಂಗಪ್ಪ. ಇವತ್ತು ಸಂಜೀಕ ಬರ್ತೀನಿ, ಬ್ಯಾರೆ ಯಾರ್ ಕೂಡಾನೂ ಮಾತು ಬ್ಯಾಡ ಅಂತ ಹೇಳಿ ಕಳಿಸ್ಯಾನ."

ಪಂಪು ಅಂದಾನಪ್ಪನ ಕೈಯಿಂದ ಜಾರಿ ಕಾಲಿನ ಮೇಲೆ ಬಿತ್ತು. ನೋವು ಗೊತ್ತಾಗಲಿಲ್ಲ.

ಉಚ್ಚೆಂಗಪ್ಪನಿಗೆ ಮರಿಯಮ್ಮನಹಳ್ಳಿಯಲ್ಲಿ ಎಣ್ಣೆ ಗಿರಣಿ ಇತ್ತು. ಮೈ ಬಂಡೆಯಂಥದು. ಮೀಸೆಯೋ, ಎರಡು ಮುಂಗುಸಿಗಳು ಮೂಗಿನ ಕೆಳಗೆ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ ಹಾಗೆ. ಅವನು ಮೆಲ್ಲಗೆ ಮಾತಾಡಿದರೂ ಗಾಡಿಯ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು.

"ಅವನ ಗಿರಣ್ಯಾಗ ಪಾಲು ಸೇರಿದೋರು ಯಾರೂ ಊರಾಗ ಉಳಿದಿಲ್ಲ" ಎಂದ ಓಬಳೇಶ, ಉಳಿದದ್ದನ್ನೂ ಹೇಳಿಬಿಡುವುದು ನೆರೆಯವನ ಧರ್ಮವೆಂಬಂತೆ. "ಒಬ್ಬ ಚಪ್ಪಲಿ ಬಿಟ್ಟು ಓಡಿಹೋದ. ಇನ್ನೊಬ್ಬ ಸಂಡೂರು ಗುಡ್ಡದಾಗ ಗುಡಿ ಕಸ ಹೊಡಕೊಂಡು ಅದಾನಂತ. ಮರಿಯಮ್ಮನಹಳ್ಳಿ ಅಂದ್ರ ಸಾಕು, ಮರ ಏರ್ತಾನಂತ."

"ನಾ ಬ್ಯಾಡ ಅಂದ್ರ ಏನಾಗ್ತೈತಿ?"

ಓಬಳೇಶ ತೆಗೆದಿದ್ದ ವಸ್ತ್ರವನ್ನು ಮತ್ತೆ ತಲೆಗೆ ಸುತ್ತಿಕೊಂಡ. "ಇಲ್ಲೀಮಟ ಯಾರೂ ಬ್ಯಾಡ ಅಂದಿಲ್ಲಪ್ಪ. ಅದಕ್ಕ ಹೇಳಾಕ ಬರಂಗಿಲ್ಲ."

ಅಂದಾನಪ್ಪ ಅಂಗಡಿಯ ಹಿಂದಿದ್ದ ಮನೆಗೆ ಹೋಗಿ ಹೆಂಡತಿ ಕೊಟ್ರಮ್ಮನ ಮುಂದೆ ಕುಸಿದು ಕುಳಿತ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಎಲ್ಲವನ್ನೂ ಕೇಳಿದಳು.

"ಅವ ಬರೋದ್ರೊಳಗ ಬ್ಯಾರೆ ಪಾಲುದಾರನ್ನ ಹಿಡೀರಿ. ಕಾಗದ ಆಗಿಬಿಡ್ಲಿ. ಅವ ಬಂದಾಗ ಜಾಗ ತುಂಬೇತ್ರಿ ಅಂದ್ರಾತು."

"ಯಾರು ಅನ್ನೋದು?"

"ನೀವು."

ಅಂದಾನಪ್ಪ ಎದ್ದ. ಹೆಂಡತಿಯೇ ಆ ಮಾತು ಅಂದರೆ ಉಚ್ಚೆಂಗಪ್ಪ ಖಂಡಿತ ವಾಪಸು ಹೋಗುತ್ತಾನೆ ಎಂದು ಅವನಿಗೆ ಅನ್ನಿಸಿತು. ಆದರೆ ಹಾಗೆಂದು ಅವಳನ್ನು ಕೇಳುವುದಕ್ಕೂ ಧೈರ್ಯ ಬೇಕಿತ್ತು.

ಮೊದಲು ಓಣಿಯ ತುದಿಯಲ್ಲಿದ್ದ ಮರುಳಸಿದ್ದಮ್ಮನ ಮನೆಗೆ ಹೋದ. ಆಕೆ ಮನೆಗಳನ್ನು ಬಾಡಿಗೆಗೆ ಕೊಟ್ಟು ಕೈತುಂಬ ರೊಕ್ಕ ಇಟ್ಟುಕೊಂಡವಳು, ಒಳ್ಳೆಯ ಮುದುಕಿ. ಕುಡಿಯಲು ನೀರು ಕೊಟ್ಟು, ವಿಷಯ ಕೇಳಿ, ಕೂಡಲೇ ಒಪ್ಪಿಕೊಂಡಳು. ಅಂದಾನಪ್ಪನಿಗೆ ಅರ್ಧ ಜೀವ ಬಂತು.

"ಒಂದೇ ಮಾತು ನೋಡಪಾ. ಮೋಟಾರು ನಮ್ಮ ಅಳಿಯ ಹೊಡೀಬೇಕು."

ಅಳಿಯ ಗುಡ್ಡಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಕೆಲಸವಿಲ್ಲದೆ ಬೆಳೆದ ಮೈ.

"ಮೋಟಾರು ಹೊಡದು ರೂಢಿ ಐತೇನ್ರಿ?"

"ಟಾಂಗಾ ಹೊಡದಾನ" ಎಂದಳು ಮರುಳಸಿದ್ದಮ್ಮ. "ಎರಡು ಸಲ ಕಾಲುವ್ಯಾಗ ಕೆಡವ್ಯಾನ, ಖರೆ. ಆದ್ರ ಕುದುರಿಗೆ ಏನೂ ಆಗಿಲ್ಲ."

"ಅಲ್ರೀ" ಎಂದು ಗುಡ್ಡಪ್ಪ ಮೊದಲ ಸಲ ಬಾಯಿ ತೆಗೆದ, "ಹೋ ಅಂದ್ರ ಮೋಟಾರು ನಿಂದ್ರತೈತೇನು?"

ಕಮಲಾಪುರದ ಕೆರೆಯ ಏರಿಯ ಮೇಲೆ, ಮಂದಿ ತುಂಬಿದ ಬಸ್ಸಿನ ಮುಂದುಗಡೆ ಕುಳಿತು ಗುಡ್ಡಪ್ಪ 'ಹೋ, ಹೋ' ಎಂದು ಕೂಗುತ್ತಿರುವುದು ಅಂದಾನಪ್ಪನ ಕಣ್ಣಿಗೆ ಕಟ್ಟಿತು. ವಿಚಾರ ಮಾಡಿ ಹೇಳುತ್ತೇನೆಂದು ಹೊರಬಿದ್ದವನು ಸೈಕಲ್ ಹತ್ತಿ ಸೀದಾ ಕಂಪ್ಲಿಯ ದಾರಿ ಹಿಡಿದ.

ಕಂಪ್ಲಿಯಲ್ಲಿ ವಿರೂಪಾಕ್ಷಪ್ಪನ ಅಕ್ಕಿ ಗಿರಣಿ. ಅಂದಾನಪ್ಪ ಅಲ್ಲಿ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿ, ಕಾಲುಗಳು ತನ್ನವೋ ಬೇರೆಯವರವೋ ತಿಳಿಯದಂತಾಗಿತ್ತು. ತೌಡಿನ ಧೂಳಿನಲ್ಲಿ ಹುಬ್ಬು ರೆಪ್ಪೆಗಳೆಲ್ಲ ಬೆಳ್ಳಗಾಗಿದ್ದ ವಿರೂಪಾಕ್ಷಪ್ಪ ಉಪಚಾರದ ಮನುಷ್ಯ. ಕೂಡಿಸಿ, ಮಜ್ಜಿಗೆ ತರಿಸಿ, ತಾನೂ ಒಂದು ಲೋಟ ಹಿಡಿದುಕೊಂಡ.

"ಮಸ್ತ್ ವಿಚಾರ. ನಾ ರೊಕ್ಕ ಹಾಕ್ತೀನಿ. ನನ್ನ ಅಕ್ಕಿ ಚೀಲ ದಿನಾ ಹೊಸಪ್ಯಾಟಿ ಸ್ಟೇಷನ್ನಿಗೆ ಹೋಗಬೇಕು, ಅಷ್ಟ."

"ಮಂದಿ ಎಲ್ಲಿ ಕುಂದ್ರಬೇಕ್ರಿ?"

"ಚೀಲದ ಮ್ಯಾಲ."

"ಅಲ್ಲಿ ತಲಿ ತಾಗಿದ್ರ?"

"ತಗ್ಗಿಸ್ಲಿ. ಆಗಲ್ಲ ಅನ್ನೋರು ನಡಕೊಂಡು ಹೋಗ್ಲಿ. ಇಷ್ಟು ದಿನ ನಡದಿಲ್ಲೇನು?"

ಇದಾದರೂ ಗುಡ್ಡಪ್ಪನಿಗಿಂತ ಮೇಲು ಎಂದು ಅಂದಾನಪ್ಪ ಲೆಕ್ಕ ಹಾಕಿದ. ಮಂದಿ ಬೈಯಬಹುದು, ಸಾಯುವುದಿಲ್ಲ. ಒಪ್ಪಿಕೊಳ್ಳೋಣವೆಂದು ಬಾಯಿ ತೆಗೆದವನನ್ನು ಹಿಂದಿನಿಂದ ಹೆದರಿಕೆ ನೂಕುತ್ತಿತ್ತು. "ಆಗ್ಲಿರಿ, ಇವತ್ತ ಕಾಗದ ಮಾಡಿಬಿಡೂಣು. ಸಂಜಿಕ ಮರಿಯಮ್ಮನಹಳ್ಳಿ ಉಚ್ಚೆಂಗಪ್ಪ ಬರೋದ್ರೊಳಗ" ಎಂದುಬಿಟ್ಟ.

ವಿರೂಪಾಕ್ಷಪ್ಪನ ಲೋಟ ಅರ್ಧದಾರಿಯಲ್ಲಿ ನಿಂತಿತು.

"ಈ ಪಾಲು ಅವ ಕೇಳ್ಯಾನೇನು?"

"ಕೇಳಿಲ್ರಿ. ಹೇಳಿ ಕಳಿಸ್ಯಾನ."

ವಿರೂಪಾಕ್ಷಪ್ಪ ಎದ್ದು ಕಿಟಕಿಯ ಹೊರಗೆ ಒಮ್ಮೆ ನೋಡಿ ಬಂದ. ಆಮೇಲೆ ಆಳನ್ನು ಕರೆದು ಒಂದು ಸೇರು ಅಕ್ಕಿ ಕಟ್ಟಿಸಿ ಅಂದಾನಪ್ಪನ ಕೈಗಿಟ್ಟ. "ನೀ ಇಲ್ಲಿಗೆ ಅಕ್ಕಿಗೆ ಬಂದಿದ್ದಿ. ತಗೊಂಡಿ, ಹೊಂಟಿ. ಮೋಟಾರು ಅನ್ನೋ ಮಾತು ನಾ ಇವತ್ತಿನಮಟ ಕೇಳೇ ಇಲ್ಲ. ತಿಳೀತಿಲ್ಲೋ?"

ಅಕ್ಕಿಗಂಟನ್ನು ಸೈಕಲ್ಲಿಗೆ ತೂಗುಹಾಕಿಕೊಂಡು ಅಂದಾನಪ್ಪ ಮರಳಿದ. ಹುಡುಕಿದ ಇಬ್ಬರು ಪಾಲುದಾರರೂ ಕೈತಪ್ಪಿದ್ದರು. ಬಿಸಿಲು ಇಳಿಯುತ್ತಿತ್ತು. ಉಚ್ಚೆಂಗಪ್ಪನ ಗಾಡಿ ಈಗಾಗಲೇ ಊರು ಬಿಟ್ಟಿರಬೇಕು. ಹಂಪಿಯ ಕಡೆಯ ಬಂಡೆಗಳು ರಸ್ತೆಯ ಎರಡೂ ಬದಿಗೆ ಒಂದರ ಮೇಲೊಂದು ಕುಳಿತಿದ್ದವು. ಚಿಕ್ಕಂದಿನಿಂದ ನೋಡಿದವೇ. ಆದರೆ ಇವತ್ತು ಪ್ರತಿಯೊಂದರ ನಡುವಿನ ಬಿರುಕೂ ಅವನಿಗೆ ಮೀಸೆಯಂತೆ ಕಾಣಿಸಿತು. ಅಂಥದೊಂದು ಬಂಡೆಯನ್ನು ತಿರುಗಿ ತಿರುಗಿ ನೋಡುತ್ತ ಹೋದವನು ರಸ್ತೆಯ ಕಲ್ಲನ್ನು ನೋಡಲಿಲ್ಲ. ಸೈಕಲ್ ಒಂದು ಕಡೆ, ಅಕ್ಕಿ ಒಂದು ಕಡೆ, ಅಂದಾನಪ್ಪ ಜಾಲಿಗಿಡದಲ್ಲಿ.

"ಪೆಟ್ಟಾತೇನಪಾ ತಮ್ಮಾ?"

ಹಾಲಿನ ಕೆನೆಯಂಥ ಧ್ವನಿ. ಅಂದಾನಪ್ಪ ತಲೆಯೆತ್ತಿದ. ಬೆಳ್ಳನೆ ಅಂಗಿ, ಹಣೆಯ ತುಂಬ ವಿಭೂತಿ, ಬಗಲಲ್ಲಿ ಕೊಡೆ. ಹಿರಿಯರೊಬ್ಬರು ಬಾಗಿ ನಿಂತು, ಅವನ ಅಂಗಿಗೆ ಚುಚ್ಚಿದ್ದ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ತಮ್ಮ ಹೆಸರು ಹಾಲಸ್ವಾಮಿ, ಮೆಟ್ರಿಯ ಹೊಲ ಮಾರಿ ಹಂಪಿಯಲ್ಲಿ ದೇವರ ಧ್ಯಾನ ಮಾಡಿಕೊಂಡು ಒಂದು ತಿಂಗಳಿಂದ ಇದ್ದೇನೆ ಎಂದರು. ಅಷ್ಟು ಮೆತ್ತಗೆ ಮಾತಾಡುವವರನ್ನು ಅಂದಾನಪ್ಪ ಆ ದಿನ ಕಂಡಿರಲಿಲ್ಲ. ರಸ್ತೆಯ ಮಣ್ಣಿನಿಂದ ಅಕ್ಕಿ ಆರಿಸುತ್ತ ಎಲ್ಲವನ್ನೂ ಹೇಳಿಕೊಂಡ. ಉಚ್ಚೆಂಗಪ್ಪನ ಹೆಸರನ್ನು ಮಾತ್ರ ಎತ್ತಲಿಲ್ಲ. ಕಂಪ್ಲಿಯಲ್ಲಿ ಬುದ್ಧಿ ಬಂದಿತ್ತು. ಯಾರೋ ಭಯಂಕರ ಮನುಷ್ಯ ಎಂದಷ್ಟೇ ಹೇಳಿದ.

"ಅದಕ್ಯಾಕ ಹೆದರ್ತಿ? ನಾ ಹಾಕ್ತೀನಿ ತಗೋ" ಎಂದರು ಹಾಲಸ್ವಾಮಿ.

ಅಂದಾನಪ್ಪನ ಕೈಯಲ್ಲಿದ್ದ ಅಕ್ಕಿ ಮತ್ತೆ ಮಣ್ಣಿಗೆ ಬಿತ್ತು. "ನಿಮ್ಮ ಕರಾರು ಏನ್ರಿ?"

"ಕರಾರು ಏನೈತಿ? ಮೋಟಾರು ನಿಂದು, ದುಡಿಮಿ ನಿಂದು. ಲಾಭ ಬಂದ್ರ ಅರ್ಧ ಕೊಡು. ಬರದಿದ್ರ ದೇವರಿಚ್ಛೆ."

"ಡ್ರೈವರು?"

"ನಿನಗ ಸರಿ ಕಂಡೋನು."

"ಚೀಲ ಗೀಲ?"

"ಮಂದಿ ಮೋಟಾರಿನ್ಯಾಗ ಚೀಲ ಯಾಕಪಾ?"

ಅಂದಾನಪ್ಪ ಅವರ ಕಾಲು ಮುಟ್ಟಿದ. ಇಬ್ಬರೂ ಕಮಲಾಪುರದ ಕರಣಿಕರ ಜಗಲಿಗೆ ಹೋಗಿ ಕಾಗದ ಮಾಡಿಸಿದರು. ಹಾಲಸ್ವಾಮಿ ಸೊಂಟದ ಚೀಲ ಬಿಚ್ಚಿ, ಬೇಕಾದಷ್ಟನ್ನು ಅಲ್ಲೇ ಕೊಟ್ಟರು. ಕೊನೆಗೆ, ಪ್ರೀತಿಯ ಗುರುತಾಗಿ ಎಂಬಂತೆ, ಒಂದೇ ಒಂದು ಸಾಲು ಸೇರಿಸೆಂದರು: ಹತ್ತು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಬಿಡತಕ್ಕದ್ದಲ್ಲ. ಅಷ್ಟು ನಂಬಿಕೆಯನ್ನು ತಂದೆಯೂ ತನ್ನ ಮೇಲೆ ಇಟ್ಟಿರಲಿಲ್ಲವೆಂದು ಅಂದಾನಪ್ಪನ ಕಣ್ಣು ತುಂಬಿ, ಸಹಿ ಸ್ವಲ್ಪ ಸೊಟ್ಟಗಾಯಿತು.

ದೀಪ ಹಚ್ಚುವ ಹೊತ್ತಿಗೆ ಅಂಗಡಿ ಮುಟ್ಟಿದ. ಓಬಳೇಶನ ಹೋಟೆಲಿನ ಮುಂದೆ ಗಾಡಿ ನಿಂತಿತ್ತು. ಒಳಗೆ ಬೆಂಚಿನ ಮೇಲೆ ಉಚ್ಚೆಂಗಪ್ಪ ಕುಳಿತಿದ್ದ. ಬೆಂಚು ನಡುವೆ ಬಗ್ಗಿತ್ತು. ಓಬಳೇಶ ಚಹಾ ಕೊಟ್ಟು, ಬಾಗಿಲಿಗೆ ಹತ್ತಿರದಲ್ಲೇ ನಿಂತಿದ್ದ. ಅಂದಾನಪ್ಪನನ್ನು ಕಂಡವನೇ, ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಹೊರಟುಹೋದ.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಅಂದಾನಪ್ಪ ಕಣ್ಣು ಮುಚ್ಚಿಕೊಂಡು ಒಪ್ಪಿಸಿದ.

"ಜಾಗ ತುಂಬೇತ್ರಿ. ಕಾಗದ ಆಗೇತ್ರಿ. ರೊಕ್ಕಾನೂ ಬಂದೇತ್ರಿ. ನಂದೇನೂ ತಪ್ಪಿಲ್ರಿ."

ಏನೂ ಆಗಲಿಲ್ಲ. ಕಣ್ಣು ತೆರೆದ. ಉಚ್ಚೆಂಗಪ್ಪನ ಮುಖ ಜೋತುಬಿದ್ದಿತ್ತು, ಮೀಸೆಯೂ ಜೊತೆಗೆ.

"ಭಾಳ ಆಸಿ ಇಟ್ಟುಕೊಂಡು ಬಂದಿದ್ದೆ" ಎಂದ, ಅವನ ಮೈಗೆ ಹೊಂದದ ಸಣ್ಣ ದನಿಯಲ್ಲಿ. "ಹೋಗ್ಲಿ. ಯಾರು ಆ ಪುಣ್ಯಾತ್ಮ?"

"ಹಂಪ್ಯಾಗ ಅದಾರ್ರಿ. ಹಾಲಸ್ವಾಮಿ ಅಂತ."

ಉಚ್ಚೆಂಗಪ್ಪ ಎದ್ದ. ಬಾಗಿಲಿಗೆ ಹೋಗಿ ರಸ್ತೆಯ ಎರಡೂ ಕಡೆ ನೋಡಿದ. ಬಾಗಿಲು ಮುಚ್ಚಿ ಅಗಳಿ ಹಾಕಿದ. ತನ್ನ ಗತಿ ಮುಗಿಯಿತೆಂದು ಅಂದಾನಪ್ಪ ಒಂದು ಸೈಕಲ್ಲಿನ ಹಿಂದೆ ಸರಿದ. ಆದರೆ ಆ ಭಾರೀ ಮನುಷ್ಯ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಪಿಸುಗುಟ್ಟಿದ.

"ನಾ ಇಲ್ಲಿ ಬರ್ತೀನಂತ ಅವನ ಮುಂದ ಹೇಳೀಯೇನು?"

"ಇಲ್ರಿ."

"ದೇವರು ದೊಡ್ಡೋನು. ಹತ್ತು ವರ್ಷ ನನ್ನ ಗಿರಣಿಗೆ ಅವನ ಪಾಲು ಇತ್ತು. ಹೋದ ತಿಂಗಳು ವಾಯಿದೆ ಮುಗೀತು."

"ಅವರು ಭಾಳ ಮೆತ್ತಗ ಮಾತಾಡ್ತಾರಲ್ರೀ."

"ಮೆತ್ತಗೇ. ಒಂದಿನಾ ಬೈದಿಲ್ಲ, ಒಂದಿನಾ ದನಿ ಏರಿಸಿಲ್ಲ. ಕೇಳ್ತಾನ."

"ಏನು ಕೇಳ್ತಾರ್ರಿ?"

"ಎಲ್ಲಾ. ಈ ಡಬ್ಬಿ ಇಲ್ಲ್ಯಾಕ ಐತಿ, ಅಲ್ಲ್ಯಾಕ ಇಲ್ಲ. ನಿನ್ನಿ ನಕ್ಕಿ, ಇವತ್ಯಾಕ ನಗಲಿಲ್ಲ. ಉಣ್ಣುವಾಗ ಬಾಜೂಕ ಕುಂತು ಕೇಳ್ತಾನ. ಮುಂಜಾನೆ ಕಣ್ಣು ಬಿಟ್ರ ತಲಿದಿಂಬಿನ ಹತ್ರ ಕುಂತಿರ್ತಾನ. ನನ್ನ ಉಳಿದ ಪಾಲುದಾರರು ಓಡಿಹೋಗಿದ್ದು ಅವನ ದೆಸಿಯಿಂದ. ನನ್ನ ದೆಸಿಯಿಂದ ಅಂತ ಮಂದಿ ಅಂದ್ರು. ನಾ ಸುಮ್ಮನಿದ್ದೆ. ಹಂಗಾದ್ರೂ ಒಂದಿಷ್ಟು ಮರ್ಯಾದಿ ಇರ್ಲಿ ಅಂತ."

ಅವನು ಮೀಸೆಯ ಮೇಲಿನ ಬೆವರು ಒರೆಸಿಕೊಂಡ. "ಇನ್ನೊಬ್ಬ ಸಿಗದಿದ್ರ ತಿರುಗಿ ನನ್ನ ಹತ್ರಾನ ಬರ್ತಾನ ಅಂತ ಗೊತ್ತಿತ್ತು. ಅದಕ್ಕ ರೊಕ್ಕ ಎಲ್ಲಾ ನಿನ್ನ ಮೋಟಾರಿಗೆ ಹಾಕಿ, ಗಿರಣಿ ಬಾಗಿಲು ಹಾಕೂಣು ಅಂತ ಓಡಿಬಂದೆ. ಎಷ್ಟು ವರ್ಷಕ್ಕ ಬರಕೊಟ್ಟಿ?"

"ಹತ್ತು."

ಉಚ್ಚೆಂಗಪ್ಪ ಅವನನ್ನು ಬಾಚಿ ತಬ್ಬಿಕೊಂಡ. ಅಂದಾನಪ್ಪನ ಹೆಗಲು ಒದ್ದೆಯಾಯಿತು. ಅದು ದುಃಖವಲ್ಲ, ಬಿಡುಗಡೆ. ಅಷ್ಟರಲ್ಲಿ ಹೊರಗೆ ಇನ್ನೊಂದು ಗಾಡಿ ನಿಂತ ಸದ್ದಾಯಿತು. ಬಾಗಿಲನ್ನು ಯಾರೋ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದರು.

"ಅಂದಾನಪ್ಪಾ, ನಾನು."

ಉಚ್ಚೆಂಗಪ್ಪ ಹಿಂದು ಮುಂದು ನೋಡದೆ, ತನ್ನ ಗಾಡಿಯನ್ನೂ ಮರೆತು, ಹತ್ತಿರವಿದ್ದ ಸೈಕಲ್ಲನ್ನು ಎತ್ತಿ ಬಗಲಿಗೆ ಇರುಕಿಕೊಂಡು, ರೊಟ್ಟಿ ಬಡಿಯುತ್ತಿದ್ದ ಕೊಟ್ರಮ್ಮನನ್ನು ದಾಟಿ ಹಿತ್ತಲಿನಿಂದ ಪಾರಾದ. ಸೈಕಲ್ ಹೊಡೆಯಲು ಬರುತ್ತಿತ್ತೋ ಇಲ್ಲವೋ, ಸ್ವಲ್ಪ ಹೊತ್ತಿಗೆ ಕತ್ತಲಲ್ಲಿ ಏನೋ ಬಿದ್ದ ಸಪ್ಪಳ ಕೇಳಿಸಿತು, ಮತ್ತೆ ಎದ್ದು ಓಡಿದ ಸಪ್ಪಳವೂ.

ಅಂದಾನಪ್ಪ ಅಗಳಿ ತೆಗೆದ. ಹಾಲಸ್ವಾಮಿ ಹಾಸಿಗೆಯ ಸುರುಳಿ, ಒಂದು ತಂಬಿಗೆ, ಕೊಡೆ ಹಿಡಿದು ನಗುನಗುತ್ತ ಒಳಗೆ ಬಂದರು.

"ಒಬ್ಬಾವ ಅಲ್ಲಿ ಕುಂತು ಏನು ಮಾಡ್ಲಿ ಅಂತ ಬಂದುಬಿಟ್ಟೆ. ನಿನಗೇನೂ ತ್ರಾಸು ಕೊಡಂಗಿಲ್ಲ. ಇಲ್ಲೇ ಒಂದು ಮೂಲ್ಯಾಗ ಇರ್ತೀನಿ."

ಹಾಸಿಗೆ ಬಿಚ್ಚಿದರು. ಬೆಂಚನ್ನು ನೋಡಿದರು, ಅದು ಬಗ್ಗಿದ್ದುದನ್ನು ಕಂಡು ತಲೆಯಾಡಿಸಿದರು. ಸಾಲಾಗಿ ನಿಂತಿದ್ದ ಸೈಕಲ್ಲುಗಳ ನಡುವೆ ಖಾಲಿಬಿದ್ದ ಜಾಗವನ್ನು ಸ್ವಲ್ಪ ಹೊತ್ತು ಅಕ್ಕರೆಯಿಂದ ನೋಡಿದರು.

"ಒಂದು ಸೈಕಲ್ಲು ಇಲ್ಲಲ್ಲಪಾ. ಎಲ್ಲೈತಿ?"

"ಬಾಡಿಗಿಗೆ ಹೋಗೇತ್ರಿ."

"ಯಾರು ಒಯ್ದ್ರು?"

"ಯಾರೋ ಪರಸ್ಥಳದವ್ರು."

"ಹೌದಾ" ಎಂದು ಹಾಲಸ್ವಾಮಿ ದಿಂಬನ್ನು ಅವನ ಹತ್ತಿರಕ್ಕೆ ಎಳೆದುಕೊಂಡು, ಕಾಲು ಮಡಚಿ, ಸಾವಕಾಶವಾಗಿ ಕುಳಿತರು. "ಕುಂದ್ರು, ಕುಂದ್ರು. ಅವಸರಿಲ್ಲ. ಒಳಗ ಅಗಳಿ ಹಾಕಿತ್ತು. ಅವರು ಹೊರಗ ಹೆಂಗ ಹೋದ್ರು?"